ಏಳು ಬಿಳಿ ಹೊಲಿಗೆ

ಕತ್ತರಿ ಎಲ್ಲಿಟ್ಟೆ ನಾನು? ಅಡುಗೆಮನೆಯಲ್ಲಿ ಮಾವಿಸ್ ಕೇಳುತ್ತಿದ್ದಾಳೆ, ನನ್ನನ್ನಲ್ಲ, ಯಾರನ್ನೂ ಅಲ್ಲ, ಎಪ್ಪತ್ತೊಂಬತ್ತರ ನನ್ನಕ್ಕ ಗೋಡೆಯ ಜೊತೆ ಮಾತಾಡುವುದನ್ನು ಕಲಿತುಬಿಟ್ಟಿದ್ದಾಳೆ, ಗಂಡ ಹೋದ ಮೇಲೆ, ಡ್ರಾಯರು ಎಳೆದ ಸದ್ದು, ದೂಡಿದ ಸದ್ದು, ಚಮಚಗಳ ಗಲಗಲ, ಕೆಟಲ್ ಇನ್ನೂ ಸಿಳ್ಳೆ ಹಾಕಿಲ್ಲ, ಶ್ರುತಿ ಹುಡುಕುವವರ ಹಾಗೆ ಗುಂಯ್ ಅನ್ನುತ್ತಿದೆ, ಎರಡೂವರೆ ಗಂಟೆ, ಐದಕ್ಕೆ ಕಾರು ಬರುತ್ತದೆ, ಏಳೂವರೆಗೆ ನ್ಯೂಕಾಸಲ್‌ನ ಸಭಾಂಗಣದಲ್ಲಿ ನನ್ನ ಕೊನೆಯ ಹಾಡುಗಾರಿಕೆ, ಕೊನೆಯದು ಅಂದರೆ ಕೊನೆಯದೇ, ಗಂಟಲ ಡಾಕ್ಟರು ಪುಟ್ಟ ದೀಪ ಆರಿಸಿ, ಸಾಕು ಮಿಸ್ಟರ್ ವೇಲ್, ಇನ್ನೂ ಹಾಡಿದ್ರೆ ಮಾತೂ ಹೋಗತ್ತೆ ಅಂದಿದ್ದ — ವೇಲ್, ಜೂಲಿಯನ್ ವೇಲ್, ಐವತ್ತು ವರ್ಷದಿಂದ ಲೋಕ ಕರೆಯುವ ಹೆಸರು, ನಾನು ಹುಟ್ಟಿದ ಜಾರೋ ಊರಿನ ಈ ಹೊಸಿಲಿನಲ್ಲಿ ಮಾತ್ರ ಅದು ತಾನಾಗಿ ಕಳಚಿ ಬೀಳುತ್ತದೆ, ಬಾಗಿಲು ತೆರೆದವಳು ಮೊದಲು ನನ್ನ ಬೂಟು ನೋಡಿದಳು, ಒರೆಸ್ಕೊಂಡು ಬಾ ಗೋರ್ಡನ್, ಈಗಷ್ಟೆ ನೆಲ ಒರೆಸಿದೀನಿ. ಒರೆಸಿಕೊಂಡೇ ಬಂದೆ. ಮಡಿಲಲ್ಲಿ ಕೋಟು. ಕಪ್ಪು ಉಣ್ಣೆ, ತೆಳು ಕಾಗದದಲ್ಲಿ ಸುತ್ತಿ ತಂದದ್ದು, ಕಾಗದ ಬಿಚ್ಚಿದ್ದೇನೆ, ಎಡ ಭುಜದ ಮೇಲೆ ಬಿಳಿ ದಾರ, ಕಚ್ಚಾ ಹೊಲಿಗೆ, ದರ್ಜಿ ಆಮೇಲೆ ಕಿತ್ತುಹಾಕುವ ಉದ್ದುದ್ದ ಹೊಲಿಗೆ, ಕಾಲರಿನದು ಬಿದ್ದುಹೋಯಿತು, ತೋಳಿನದು ಬಿದ್ದುಹೋಯಿತು, ಅಲ್ಲೆಲ್ಲ ಯಾರ್ಯಾರೋ ಕಪ್ಪು ದಾರ ಹಾಕಿ ಹೊಲಿದರು, ಇವು ಉಳಿದವು, ಏಳು. ಬೆರಳಿನಿಂದ ಮುಟ್ಟಿ ಎಣಿಸುತ್ತೇನೆ, ಕಾರಿನಲ್ಲೂ ಎಣಿಸಿದೆ. ಎದುರಿಗೆ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಮಾವಿಸ್‌ಳ ಮದುವೆಯ ಪಟ, ಅದನ್ನು ನೋಡಬಾರದು ಅಂತಲೇ ಈ ಕುರ್ಚಿ ಆರಿಸಿದೆ, ಈ ಕುರ್ಚಿಯಿಂದಲೇ ಅದು ಚೆನ್ನಾಗಿ ಕಾಣುತ್ತದೆ.

ಅಪ್ಪ ಇದೇ ಕೋಣೆಯಲ್ಲಿ ಭಾನುವಾರ ಬೈಬಲಿನ ಕೀರ್ತನೆ ಓದಿಸುತ್ತಿದ್ದ, ವಾರವೆಲ್ಲ ಹಡಗುಕಟ್ಟೆಯಲ್ಲಿ ಬಣ್ಣ ಬಳಿದು ಭಾನುವಾರ ಚಾಪೆಲ್ಲಿನಲ್ಲಿ ಉಪದೇಶ ಮಾಡುವ ಅಪ್ಪ, ಪ್ರತಿ ಸಾಲಿನ ಕೊನೆಗೆ ನಿಲ್ಲು ಮಗಾ, ಓಡ್ಬೇಡ, ದೇವರಿಗೂ ಕೇಳಿಸ್ಕೊಳ್ಳೋಕೆ ಒಂದುಸಿರು ಟೈಮ್ ಕೊಡು ಅನ್ನುತ್ತಿದ್ದ, ಅವನು ನಿಲ್ಲುತ್ತಿದ್ದ, ಗಡಿಯಾರ ನಿಲ್ಲುತ್ತಿರಲಿಲ್ಲ, ಮಾವಿಸ್ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು. ಆ ಒಂದುಸಿರನ್ನೇ ಮಾರಿದೆ ಆಮೇಲೆ, ಹಾಡಿನ ನಡುವೆ ಹಾಗೆ ನಿಲ್ಲುವುದನ್ನು ಎಲ್ಲಿ ಕಲಿತಿರಿ ಅಂತ ಪತ್ರಿಕೆಯವರು ಕೇಳಿದರೆ ನಗುತ್ತಿದ್ದೆ, ಸಿಗರೇಟು ತಿರುಗಿಸುತ್ತಿದ್ದೆ, ಪ್ಯಾರಿಸ್ ಅನ್ನುತ್ತಿದ್ದೆ, ಪ್ಯಾರಿಸ್ ಅಲ್ಲ, ಇಲ್ಲೇ, ಮತ್ತೆ ಕಾರ್ಮಿಕರ ಕ್ಲಬ್ಬಿನಲ್ಲಿ, ಎದೆ ಬಿರಿಯುವ ಹಾಡಿನ ನಡುವೆ ಕಾರ್ಯದರ್ಶಿ ಮೈಕು ಕಿತ್ತುಕೊಂಡು, ಸದ್ದು, ಸದ್ದು, ಮಾಂಸದ ಪೈ ಬಂದಿದೆ, ಬಿಸಿ ಇದ್ದಾಗ್ಲೇ ತಗೊಳ್ಳಿ, ಈ ಹುಡುಗ ಆಮೇಲೆ ಅಳ್ತಾನೆ ಅನ್ನುತ್ತಿದ್ದ, ನಾನು ಉಸಿರು ಹಿಡಿದು ಕಾಯುತ್ತಿದ್ದೆ, ಪೈ ಹಂಚಿ ಮುಗಿದ ಮೇಲೆ ಬಿಟ್ಟ ಪದದಿಂದಲೇ ಹಿಡಿಯುತ್ತಿದ್ದೆ, ಗಂಡಸರು ನಗುತ್ತಿದ್ದರು, ಹಿಂದಿನ ಸಾಲಿನಲ್ಲಿ ಆಲ್ಫ್ ಮಾತ್ರ ಪೈ ಮುಟ್ಟದೆ ಕೂತಿರುತ್ತಿದ್ದ, ಅಗಲ ಭುಜದ ಆಲ್ಫ್, ಹಡಗಿಗೆ ತಗಡು ಬಡಿಯುವ ಆಲ್ಫ್, ನಮ್ಮ ಮಾವಿಸ್‌ಳನ್ನು ಮದುವೆಯಾಗಲಿದ್ದ ಆಲ್ಫ್, ಹಾಡು ಮುಗಿಸಲಿ ಬಿಡ್ರೋ, ಪೈ ಎಲ್ಲೂ ಓಡಿಹೋಗಲ್ಲ ಅನ್ನುತ್ತಿದ್ದ. ಮತ್ತೆ ಆ ಗುರುವಾರ, ಅದನ್ನು ನೆನೆಯಬಾರದು ಅಂದುಕೊಂಡೆ, ಅದು ಕಾಯುವುದಿಲ್ಲ, ಎಪ್ಪತ್ತೊಂದನೇ ಇಸವಿಯ ಮಾರ್ಚಿನ ಬೆಳಗ್ಗೆ, ಎಂಟೂ ಹತ್ತರ ಲಂಡನ್ ರೈಲು, ನನಗೆ ಮೊದಲ ಬಾರಿ ಟೀವಿಯಲ್ಲಿ ಹಾಡುವ ಕರೆ, ನನ್ನ ಬಳಿ ಇದ್ದದ್ದು ಮೊಣಕೈ ಸವೆದ ಒಂದೇ ಕೋಟು, ಈ ಕೋಣೆಯ ಕಿಟಕಿಯ ಪಕ್ಕ ದರ್ಜಿಯ ಗೊಂಬೆಯ ಮೇಲೆ ಈ ಕಪ್ಪು ಕೋಟು ನಿಂತಿತ್ತು, ಆಲ್ಫ್‌ನದು, ಶನಿವಾರದ ಮದುವೆಗೆ, ಮಾವಿಸ್ ಉಡುಪಿನ ಕಾರ್ಖಾನೆಯಲ್ಲಿ ದಿನವೆಲ್ಲ ಊರವರ ಕಾಲರು ಕೂರಿಸಿ ಬಂದು ಚಳಿಗಾಲ ಪೂರ್ತಿ ಇದನ್ನು ಹೊಲಿದಳು, ಪ್ಯಾಂಟು ಮುಗಿದಿತ್ತು, ಕೋಟು ಕಚ್ಚಾ ಹೊಲಿಗೆಯಲ್ಲಿತ್ತು, ನಮ್ಮಲ್ಲಿ ಹಡಗುಕಟ್ಟೆಯ ಗಂಡಸಿಗೆ ಅಳತೆ ಕೊಟ್ಟು ಹೊಲಿಸಿದ ಸೂಟು ಬದುಕಿಗೆ ಒಂದೇ, ಮದುವೆಗೂ ಅದೇ ಮಣ್ಣಿಗೂ ಅದೇ, ಗೊತ್ತಿತ್ತು ನನಗೆ, ಗೊತ್ತಿದ್ದೂ ತೋಳು ತೂರಿಸಿದೆ, ಭುಜ ಅಗಲ, ಕನ್ನಡಿಯಲ್ಲಿ ಯಾರೋ ಒಬ್ಬ ನಿಂತಿದ್ದ, ಮೈತುಂಬ ಬಿಳಿ ಗೆರೆಗಳವನು, ಅವನು ನನ್ನನ್ನು ನೋಡಿ ಹುಬ್ಬೇರಿಸಿದ. ಚೀಟಿ ಬರೆದಿಟ್ಟೆ, ಶುಕ್ರವಾರ ಬರ್ತೀನಿ ಮಾವಿಸ್, ಕಾಲು ಹಿಡೀತೀನಿ. ಟೀವಿಯವರು ಶನಿವಾರಕ್ಕೆ ಮುಂದೂಡಿದರು. ಶನಿವಾರ ಹನ್ನೊಂದಕ್ಕೆ ಚಾಪೆಲ್ಲಿನಲ್ಲಿ ಅವರು ಉಂಗುರ ಹಾಕುವ ಹೊತ್ತಿಗೆ ಲಂಡನ್ನಿನಲ್ಲಿ ಯಾವಳೋ ನನ್ನ ಕೆನ್ನೆಗೆ ಪುಡಿ ಹಚ್ಚುತ್ತಿದ್ದಳು, ಈ ದಾರ ಬಿಟ್ಟುಹೋಗಿದ್ಯಾ ಡಿಯರ್, ಕೀಳಲಾ ಅಂದಳು, ಬೇಡ ಅಂದೆ, ಅದು ಹಾಗೇ ಇರೋದು, ಅದೇ ಶೈಲಿ. ಎಷ್ಟು ಸಲೀಸಾಗಿ ಬಂತು ಬಾಯಿಗೆ. ತಿಂಗಳೊಳಗೆ ಲಿವರ್‌ಪೂಲಿನಿಂದ ಮಿಲಾನಿನವರೆಗೆ ಹುಡುಗರು ತಮ್ಮ ಒಳ್ಳೆಯ ಕೋಟುಗಳ ಮೇಲೆ ಬಿಳಿ ದಾರ ಎಳೆದುಕೊಂಡರು, ಉಡುಪು ಹುಟ್ಟುವುದನ್ನು ತೋರಿಸಬೇಕಿತ್ತು ನನಗೆ ಅಂತ ನಾನು ಹೇಳಿದ್ದನ್ನು ಅಚ್ಚು ಹಾಕಿದರು, ಯಾರು ಹೊಲಿದರು ಅಂದರೆ ಲಂಡನ್ನಿನ ಒಬ್ಬ ಮುದುಕ ಅಂದೆ, ಹೆಸರು ಹೇಳಬಾರದೆಂದು ಮಾತು ಕೊಟ್ಟಿದ್ದೇನೆ ಅಂದೆ, ಇಲ್ಲದ ಮುದುಕನಿಗೆ ಕನ್ನಡಕ ಕೊಟ್ಟೆ, ಕೆಮ್ಮು ಕೊಟ್ಟೆ — ಪಟದಲ್ಲಿ ಆಲ್ಫ್ ಎರವಲು ಕೋಟಿನಲ್ಲಿ ನಗುತ್ತಿದ್ದಾನೆ, ತೋಳು ಮಣಿಕಟ್ಟಿಗಿಂತ ಗೇಣು ಮೇಲೆ ನಿಂತಿದೆ, ದೊಡ್ಡ ಕೈ ಎಲ್ಲಿಡುವುದೆಂದು ತಿಳಿಯದೆ ಮಾವಿಸ್‌ಳ ಹೂಗೊಂಚಲನ್ನೇ ಹಿಡಿದಿದ್ದಾನೆ.

ಕೆಟಲ್ ಸಿಳ್ಳೆ ಹಾಕಿತು, ನಿಂತಿತು. ಮಾವಿಸ್ ತಟ್ಟೆ ತಂದಿಟ್ಟಳು, ದಪ್ಪ ರೊಟ್ಟಿಯ ನಡುವೆ ಹಂದಿಮಾಂಸ, ಬಟಾಣಿ ಪುಡಿಂಗ್, ತಿನ್ನು, ಮೂಳೆ ಕಾಣ್ತಿದೆ ನಿಂದು, ಲಂಡನ್ನಲ್ಲಿ ಬರೀ ಎಲೆ ತಿಂತೀರಂತೆ. ಹಾಡೋ ಮುಂಚೆ ತಿನ್ನಲ್ಲ ಮಾವಿಸ್ ಅಂದೆ. ಹಾಗಾದ್ರೆ ನೋಡ್ತಾ ಕೂತ್ಕೋ ಅಂದಳು. ಕೋಟನ್ನು ನೋಡಿದಳು, ಮುಟ್ಟಲಿಲ್ಲ, ಕಿಟಕಿಯ ಬಳಿ ಕೂತಳು, ಗೊಂಬೆ ನಿಲ್ಲುತ್ತಿದ್ದ ಜಾಗ. ಗಾಜಿನಿಂದ ಹೊರಗೆ ಬಿಟ್ರಾ ಅದನ್ನ, ಅಂದಳು. ಬಿಟ್ಟರು ಅಂದೆ, ನೆಲ ಬಿರಿಯಬಾರದೇ, ಫೆಬ್ರವರಿಯಲ್ಲಿ ಅವಳು ಫೋನು ಮಾಡಿದ್ದಳು, ಬದುಕಿಡೀ ಏನೂ ಕೇಳದವಳು, ಆಲ್ಫ್ ಹೋದ ಕಣೋ, ಆ ಕೋಟು ಕಳಿಸ್ತೀಯಾ, ಪ್ಯಾಂಟು ಇಲ್ಲೇ ಇದೆ, ಇಸ್ತ್ರಿ ಮಾಡಿದೀನಿ, ಮತ್ತೆ ನಾನು ಲಿಸ್ಬನ್ನಿನ ಹೋಟೆಲಿನಲ್ಲಿ ಹಾಸಿಗೆಯ ಅಂಚಿನಲ್ಲಿ ಕೂತು, ಅದು ಪ್ರದರ್ಶನದಲ್ಲಿದೆ ಮಾವಿಸ್, ಗಾಜಿನ ಪೆಟ್ಟಿಗೆ, ಏಪ್ರಿಲ್‌ವರೆಗೆ ತೆಗೆಯೋ ಹಾಗಿಲ್ಲ, ಕಾಗದಕ್ಕೆ ಸಹಿ ಹಾಕಿದೀನಿ ಅಂದೆ, ಸರಿ ಬಿಡು ಅಂದಳು, ಹೂ ಕಳಿಸಿದೆ, ಬಿಳಿ ಹೂ, ದೊಡ್ಡ ಗೊಂಚಲು. ಯಾವುದು ತೊಡಿಸಿದೆ ಅವನಿಗೆ, ಕೇಳಿಯೇಬಿಟ್ಟೆ. ಪ್ಯಾಂಟು, ನೀಲಿ ಜರ್ಸಿ, ಅಂದಳು, ಅದ್ರಲ್ಲೇ ಬೆಚ್ಚಗಿರ್ತಿದ್ದ. ನಕ್ಕಳು, ಅವಳ ನಗು ಮೊದಲು ಮೂಗಿನಲ್ಲಿ ಶುರುವಾಗುತ್ತದೆ. ನೀನು ಟೀವಿಯಲ್ಲಿ ಬಂದಾಗೆಲ್ಲ ನನ್ನ ಕೂಗ್ತಿದ್ದ, ಬಾರೇ ಬೇಗ, ನನ್ನ ಕೋಟು ಹಾಡ್ತಿದೆ ಅಂತ. ಕೋಪ ಇರ್ಲಿಲ್ವಾ ಅವನಿಗೆ? ಅವನಿಗೆಲ್ಲಿ ಬರತ್ತೆ, ಮನೇಲಿ ಕೋಪ ಇಟ್ಕೊಳ್ಳೋ ಕೆಲಸ ನಂದಾಗಿತ್ತು. ಟೀ ಹೀರಿದಳು. ನಾನು ಒಂದುಸಿರು ನಿಂತೆ, ಅಪ್ಪನ ಹಾಗೆ, ಅಭ್ಯಾಸ, ವಂಚನೆಯೂ ಅದೇ ಅಭ್ಯಾಸದಲ್ಲಿದೆ, ಆಮೇಲೆ ಬೆಳಗಿನಿಂದ ನಾಲಿಗೆಯ ಮೇಲೆ ಹೊರಳುತ್ತಿದ್ದದ್ದನ್ನು ಹೇಳಿದೆ, ಈ ದಾರ ಕಿತ್ತು ಸರಿಯಾಗಿ ಹೊಲಿದುಕೊಡು ಮಾವಿಸ್, ಭುಜ ಒಂದೇ ಉಳಿದಿರೋದು, ನಿನ್ನ ಕೈಗೆ ಒಂದು ಗಂಟೆ ಕೆಲಸ, ಇವತ್ತು ಪೂರ್ತಿಯಾದ ಕೋಟು ಹಾಕ್ಕೊಂಡು ನಿಲ್ತೀನಿ, ಎರಡು ಸಾವಿರ ಜನ, ಅವರೆದುರು ಹೇಳ್ತೀನಿ, ಮುದುಕ ಸುಳ್ಳು ಅಂತ, ಇದು ನಮ್ಮಕ್ಕ ಹೊಲಿದದ್ದು, ಆಲ್ಫ್‌ಗೆ ಹೊಲಿದದ್ದು ಅಂತ, ನೀನು ಮೊದಲ ಸಾಲಲ್ಲಿ ಕೂರ್ತೀಯ, ನಿನ್ನ ಹೆಸರು ಕೂಗ್ತೀನಿ — ದಾರ ಕಿತ್ತರೆ ಪ್ರದರ್ಶನದವರಿಗೆ ಇದು ಬರೀ ಬಟ್ಟೆ, ಆಗಲಿ, ಬರೀ ಬಟ್ಟೆಯೇ ಆಗಲಿ. ಅವಳು ಎದ್ದಳು. ಕೈ ಚಾಚಿದಳು, ನನ್ನ ಎದೆ ಹಗುರವಾಯಿತು, ಭುಜದ ಬಿಳಿ ದಾರದ ಮೇಲೆ ಹೆಬ್ಬೆರಳು ಎಳೆದಳು, ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ, ದಾರ ಇನ್ನೂ ಗಟ್ಟಿ ಇದೆ ಅಂದಳು, ಕೋಟನ್ನು ಎತ್ತಿದಳು, ಅದರಡಿಯಲ್ಲಿ, ಕುರ್ಚಿಯ ಕೈಯ ಸಂದಿನಲ್ಲಿ, ಕತ್ತರಿ, ಅಷ್ಟು ಹೊತ್ತೂ ನನ್ನ ಪಕ್ಕದಲ್ಲೇ ಇತ್ತು, ಇಲ್ಲಿದೆ ನೋಡು ಅಂದಳು, ಕತ್ತರಿ ತೆಗೆದುಕೊಂಡಳು, ಬೆಳಕಿಗೆ ಹಿಡಿದು ನೋಡಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು, ಕೋಟನ್ನು ಮತ್ತೆ ನನ್ನ ಮಡಿಲಿಗೆ ಇಟ್ಟಳು, ಭುಜ ಮೇಲೆ ಬರುವ ಹಾಗೆ ನೀಟಾಗಿ ಮಡಿಸಿ ಇಟ್ಟಳು. ಇಲ್ಲ ಗೋರ್ಡನ್. ಯಾಕೆ ಅಂದೆ. ಅಳತೆ ಕೊಟ್ಟವನು ಈಗಿಲ್ಲ, ಅಂದಳು, ನಿನ್ನ ಮೈಗೆ ನಾನಿದನ್ನ ಹೊಲಿಯಲ್ಲ. ಗಡಿಯಾರ ನಡೆಯುತ್ತಿದೆ, ಬೀದಿಯಲ್ಲಿ ಯಾರದೋ ನಾಯಿ, ಐದಕ್ಕೆ ಕಾರು, ಏಳೂವರೆಗೆ, ಏಳೂ, ಕಪ್ಪಿನ ಮೇಲೆ ಬಿಳಿ, ಒಂದು, ಎರಡು, ಬೆರಳು ಮೂರರ ಮೇಲೆ, ಮೂರರ ಮೇಲೆಯೇ, ಬಿಳಿ ದಾರ.