ಕೊಳದ ಮೇಲಿನ ಕೆಂಪು ಹಾಸು

ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನ ನಮ್ಮ ಮನೆಯ ಹಿತ್ತಲಲ್ಲಿ ನಾನು ತೋಡಿಸಿದ ಕೊಳ ಎಷ್ಟು ಆಳವೆಂದರೆ, ಒಂದು ಭಾನುವಾರ ಅದರೊಳಗೆ ಬಿಟ್ಟ ಕಲ್ಲು ಮಂಡ್ಯದ ವಿ.ಸಿ. ನಾಲೆಯಲ್ಲಿ ಮೇಲೆದ್ದು, ಅಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ ನಮ್ಮ ಚಿಕ್ಕಪ್ಪನ ಮೊಣಕಾಲಿಗೆ ಬಡಿಯಿತು. ಅವರು ನಿಂತ ನಿಲುವಿನಲ್ಲೇ ಫೋನು ಮಾಡಿ, "ಲೋ ತಿರುಮಲೇಶ, ನಿನ್ನ ಕಲ್ಲು ನಿನ್ನತ್ರನೇ ಮಡಿಕಳ್ಳೋ" ಎಂದು ಬೈದರು. ನಂಬದವರು ಊರಿಗೆ ಹೋಗಿ ಚಿಕ್ಕಪ್ಪನ ಮೊಣಕಾಲು ನೋಡಿಕೊಂಡು ಬರಬಹುದು.

ಇಷ್ಟು ಆಳ ಬೇಕಾದದ್ದು ಚಳಿಗಾಲಕ್ಕೆ. ಜನವರಿಯ ಬೆಳಗಿನಲ್ಲಿ ಇಲ್ಲಿ ಹುಲ್ಲಿನ ಮೇಲೆ ಹಿಮ ರವೆಯಂತೆ ಕೂತಿರುತ್ತದೆ. ನೈದಿಲೆಯ ಗಡ್ಡೆಗಳನ್ನು ಬುಟ್ಟಿಯಲ್ಲಿಟ್ಟು ನೀರಿನ ತಳಕ್ಕೆ ಇಳಿಸಿದರೆ ಅವು ಚಳಿ ಕಳೆಯುತ್ತವೆ. ಅದಕ್ಕೆ ಮೊಣಕಾಲುದ್ದ ನೀರು ಧಾರಾಳವಾಯಿತು ಎಂದಿದ್ದ ಗಿಡದಂಗಡಿಯವನು. ಮೊಣಕಾಲುದ್ದದ ಕೊಳ ತೋಡಿಸಲು ನಾನೇನು ಬಾತುಕೋಳಿಯೆ? ನನ್ನ ಎದೆಮಟ್ಟ ತೋಡಿಸಿದೆ. ನೆಟ್ಟಗೆ ಇಳಿಯುವ ಗೋಡೆಗಳು, ಅವುಗಳ ಮೇಲೆ ಕರಿಯ ರಬ್ಬರ್ ಹಾಳೆ. ಒಳಗಿಳಿದವನಿಗೆ ಹಿಡಿದು ಹತ್ತಲು ಒಂದು ಗೆಣ್ಣಿನಷ್ಟೂ ಆಸರೆ ಇಲ್ಲ.

ನೀರಿನ ಮೇಲೆ ಅಜೋಲಾ ಬಿಟ್ಟೆ. ನಮ್ಮೂರ ಕಡೆ ಹಸುಗಳಿಗೆ ಹಾಕುತ್ತಾರಲ್ಲ, ಆ ತೇಲುವ ಪುಟಾಣಿ ಗಿಡ. ಮಿಕ್ಕ ಗಿಡಗಳು ಚಳಿಗೆ ಮುದುರಿಕೊಂಡರೆ ಇದು ಹಿಗ್ಗಿತು. ಹಸಿರು ಹೋಗಿ ಕೆಂಪಾಯಿತು, ಕೆಂಪು ಹೋಗಿ ಕಡುಗೆಂಪಾಯಿತು. ಡಿಸೆಂಬರಿನ ಹೊತ್ತಿಗೆ ಒಂದು ತೊಟ್ಟು ನೀರೂ ಕಾಣದಂತೆ ದಡದಿಂದ ದಡಕ್ಕೆ ಹಾಸಿಕೊಂಡಿತು. ಅಂಗಳ ಎಲ್ಲಿ ಮುಗಿಯಿತು, ಕೊಳ ಎಲ್ಲಿ ಶುರುವಾಯಿತು ಎಂಬುದು ನನಗೇ ಕೆಲವು ಸಲ ತಿಳಿಯುತ್ತಿರಲಿಲ್ಲ. ಅರಮನೆಯ ದರ್ಬಾರಿಗೆ ಇದನ್ನು ಬಾಡಿಗೆಗೆ ಕೇಳಿದ್ದರು; ನಾನು ಕೊಡಲಿಲ್ಲ.

ಈ ಕೊಳವನ್ನು ಕಂಡರೆ ಆಗದವಳು ಒಬ್ಬಳೇ, ನನ್ನ ಹೆಂಡತಿ ವಸುಧಾಳ ತಂಗಿ ಗಾನವಿ. ಸ್ಯಾನ್ ಹೊಸೆಯಲ್ಲಿರುತ್ತಾಳೆ. ದೀಪಾವಳಿಗೆ ಬಂದವಳು ಮೂರು ವರ್ಷದ ಮಗಳು ನವ್ಯಾಳನ್ನು ಕಂಕುಳಿನಿಂದ ಕೆಳಗೇ ಇಳಿಸಲಿಲ್ಲ.

"ಭಾವ, ಇದಕ್ಕೆ ಬಲೆ ಹಾಕ್ಸೋವರ್ಗೂ ಇವಳನ್ನ ಈ ಮನೆಗೆ ಕರ್ಕೊಂಡ್ ಬರಲ್ಲ. ಸೀರಿಯಸ್ಸಾಗಿ ಹೇಳ್ತಿದೀನಿ."

"ಬಲೆ ಏನಮ್ಮ, ಸೇತುವೇನೇ ಕಟ್ಟಿಸ್ತೀನಿ."

"ನೀವು ಬಾಯಲ್ಲಿ ಕಟ್ಟೋ ಸೇತುವೆ ಮೇಲೆ ಮಗು ನಡ್ಯಕ್ಕಾಗಲ್ಲ ಭಾವ."

ಹೊಸ ವರ್ಷ ಕಳೆದ ಮೇಲೆ ಅವಳ ಫೋನು ಬಂತು. ಸಂಕ್ರಾಂತಿಗೆ ಬರುವುದೋ ಬೇಡವೋ, ಬಲೆಯ ಕಥೆ ಏನಾಯಿತು? ಬಲೆ ಹಾಕಿಸಿದ್ದೇನೆ ಎಂದೆ. ಗೋಲ್ಡನ್ ಗೇಟ್ ಸೇತುವೆಗೆ ಬಳಸಿ ಮಿಕ್ಕ ಉಕ್ಕಿನದು, ನೀರಿನಿಂದ ಒಂದು ಬೆರಳು ಕೆಳಗಿದೆ, ದಸರಾ ಆನೆ ನಿಂತರೂ ಬಗ್ಗುವುದಿಲ್ಲ ಎಂದೆ.

"ರಿಯಲ್ ಎಲಿಫೆಂಟಾ, ದೊಡ್ಡಪ್ಪ?" ಫೋನಿನ ಆ ಕಡೆಯಿಂದ ನವ್ಯಾ ಕೂಗಿದಳು.

"ರಿಯಲ್ಲೇ ಕಂದ. ಅಂಬಾರಿ ಸಮೇತ."

"ಆಟ ಬೇಡ ಭಾವ," ಎಂದಳು ಗಾನವಿ. "ನಿಜವಾಗ್ಲೂ ಹಾಕ್ಸಿದೀರಾ?"

"ನಮ್ಮಪ್ಪನಾಣೆ."

ಆಮೇಲೆ ಅವಳು ಕೇಳಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ಕೆಂಪು ಹಾಸಿನ ನಡುವೆ ಊಟದ ತಟ್ಟೆಯಷ್ಟಗಲದ ತೂತು ಕಂಡಿತು. ಒಳಗೆ ನೀರು ಕಪ್ಪಗಿತ್ತು. ಹುಲ್ಲಿನ ಹಿಮದ ಮೇಲೆ ಪುಟ್ಟ ಹೆಜ್ಜೆಗಳು ದಡದವರೆಗೂ ಬಂದಿದ್ದವು. ಹಿಂದಕ್ಕೆ ಹೋದ ಹೆಜ್ಜೆ ಒಂದೂ ಇರಲಿಲ್ಲ. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ತೂತು ಅಂಗೈಯಷ್ಟಾಗಿತ್ತು. ಮಧ್ಯಾಹ್ನಕ್ಕೆ ಅಲ್ಲಿ ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಂಡಿತು.

ಮರುದಿನ ಎದುರುಮನೆಯ ಅಜ್ಜಿ ಬೀದಿ ಕಂಬಕ್ಕೆ ಕಳೆದುಹೋದ ತನ್ನ ಕೇಸರಿ ಬಣ್ಣದ ಬೆಕ್ಕಿನ ಚಿತ್ರ ಅಂಟಿಸುತ್ತಿದ್ದಳು. ನೋಡಿದೆಯಾ ಎಂದು ಕೇಳಿದಳು. ಅಷ್ಟು ಚೆಂದದ ಬೆಕ್ಕು ಗಿಲ್‌ರಾಯ್‌ನಲ್ಲಿ ಯಾಕಿರುತ್ತದೆ, ಸಾಹುಕಾರರ ಊರು ಲಾಸ್ ಆಲ್ಟೋಸ್‌ನ ಯಾವುದೋ ಬಂಗಲೆ ಸೇರಿ ಈಗ ಸಾಲ್ಮನ್ ಮೀನು ತಿನ್ನುತ್ತಿರಬೇಕು ಎಂದೆ. ಅಜ್ಜಿ ನಗಲಿಲ್ಲ. ಒಳಗೆ ಬಂದು ಬಿದಿರಿನ ಗಳ ಹಿಡಿದು ಕೊಳದ ದಡದಲ್ಲಿ ತುಂಬಾ ಹೊತ್ತು ನಿಂತೆ. ನೀರಿಗೆ ಹಾಕಲಿಲ್ಲ. ಹಾಸು ಹರಿದುಹೋಗುತ್ತದಲ್ಲ, ಅದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಕ್ರಾಂತಿಯ ಭಾನುವಾರ ಹಿತ್ತಲು ತುಂಬಿತು. ಭೂಮಂಡಲವೇ ಬಂದಿತ್ತು ಎನ್ನಬೇಕು. ನಾಲ್ಕು ಮನೆಯವರು ಬಂದಿದ್ದರು ಎಂದರೂ ತಪ್ಪಿಲ್ಲ. ನವ್ಯಾ ಹಸಿರು ಲಂಗ ತೊಟ್ಟು ಚಿಗರೆಯಂತೆ ಓಡಾಡುತ್ತಿದ್ದಳು. ಗಾನವಿ ಅವಳನ್ನು ಕೆಳಗೆ ಬಿಟ್ಟು, ಕೊಳದ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಈ ಮನೆಯಲ್ಲಿ ಅವಳು ಹಾಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ನನ್ನ ಆಫೀಸಿನ ರಾಮನಾಥ, ಉಡುಪಿಯವರು, ದಡಕ್ಕೆ ಹೋಗಿ ಬಗ್ಗಿ ನೋಡಿದರು.

"ಎಂತ ಮಾರಾಯ್ರೆ ಇದು, ನೀರೇ ಕಾಣುದಿಲ್ಲ! ಮಕ್ಕಳು ನೆಲ ಅಂತ ಕಾಲಿಟ್ರೆ?"

"ಕೆಳಗೆ ಬಲೆ ಇದೆ ರಾಮನಾಥ್," ಎಂದಳು ಗಾನವಿ. "ಭಾವ ಹಾಕ್ಸಿದಾರೆ."

"ಬಲೆ ಉಂಟಾ? ಒಂದು ಕೋಲು ಕೊಡಿ, ನೋಡುವ."

"ಹಬ್ಬದ ದಿನ ಹಾಸು ಹರೀತೀರಾ?" ನಾನು ಅವರ ಹೆಗಲಿಗೆ ಕೈ ಹಾಕಿ ತಿರುಗಿಸಿದೆ. "ನಡೀರಿ, ಪೊಂಗಲ್ ಆರೋಗುತ್ತೆ."

ಅವರು ಒಳಗೆ ಹೋದರು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದರು. ಕೊಳವನ್ನಲ್ಲ, ನನ್ನನ್ನು.

ಇವತ್ತೊಂದು ದಿನ ದಡ ಬಿಟ್ಟು ಕದಲಬಾರದು ಎಂದುಕೊಂಡೆ. ಕದಲದೆ ನಿಂತೂ ಇದ್ದೆ. ಅಷ್ಟರಲ್ಲಿ ಎಲಚಿ ಹಣ್ಣು ಎರೆಯುವ ಹೊತ್ತಾಯಿತು. ಸಂಕ್ರಾಂತಿಗೆ ಚಿಕ್ಕ ಮಕ್ಕಳ ದೃಷ್ಟಿ ಹೋಗಲೆಂದು ತಲೆಯ ಮೇಲಿಂದ ಎಲಚಿ ಹಣ್ಣು, ಕಬ್ಬಿನ ಚೂರು, ಕಡ್ಲೆಪುರಿ ಸುರಿಯುವುದು ನಮ್ಮ ಕಡೆಯ ಪದ್ಧತಿ. ಇಲ್ಲಿ ಅದಕ್ಕೆ ಚಾಕ್ಲೇಟೂ ಸೇರಿದೆ. ಬಿದ್ದದ್ದನ್ನೆಲ್ಲ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ನವ್ಯಾಳನ್ನು ಮಣೆಯ ಮೇಲೆ ಕೂರಿಸಿ ವಸುಧಾ ಸೇರು ತುಂಬಿಕೊಂಡಳು.

"ರೀ, ಆರತಿ ತಟ್ಟೆ ಒಳಗೇ ಉಳೀತು. ತನ್ನಿ."

"ಬೇರೆ ಯಾರಿಗಾದ್ರೂ ಹೇಳೇ."

"ಅಲ್ಲಿ ನಿಂತು ಏನು ಕೊಳ ಕಾಯ್ತಿದೀರಾ? ಹೋಗಿ ತನ್ನಿ!"

ಎಲ್ಲರೂ ನಕ್ಕರು. ನಾನು ಹೋದೆ.

ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಸೇರು ಮಗುಚಿಯಾಗಿತ್ತು. ಮಕ್ಕಳು ಕಿರುಚುತ್ತಾ ಹುಲ್ಲೆಲ್ಲ ಕೆದಕುತ್ತಿದ್ದರು. ಯಾರ ಮೊಣಕೈ ತಗುಲಿತೋ, ಸೇರಿನ ತಳದಲ್ಲಿದ್ದದ್ದು ಹಾರಿ ಕೊಳದ ಮೇಲೆ ಚೆಲ್ಲಿತ್ತು. ಬಿಳಿ ಕಡ್ಲೆಪುರಿ, ಬಂಗಾರದ ಕಾಗದ ಸುತ್ತಿದ ಒಂದು ಪುಟ್ಟ ಚಾಕ್ಲೇಟು. ಯಾವುದೂ ಮುಳುಗಿರಲಿಲ್ಲ. ಜಮಖಾನದ ಮೇಲೆ ಇಟ್ಟಂತೆ ಕೆಂಪಿನ ಮೇಲೆ ಕೂತಿದ್ದವು.

"ದಟ್ಸ್ ಮೈನ್!" ಎಂದು ನವ್ಯಾ ಓಡಿದಳು.

"ಅಯ್ಯೋ, ಮಗು ಕೊಳದ ಹತ್ರ," ಎಂದರು ಯಾರೋ.

"ಬಲೆ ಇದೆ, ಏನಾಗಲ್ಲ. ಕಾಲು ಒದ್ದೆಯಾಗುತ್ತೆ ಅಷ್ಟೇ." ಗಾನವಿ ಫೋನು ಎತ್ತಿ ವಿಡಿಯೋ ಹಿಡಿದಳು. "ಹೋಗು ನವ್ವಿ, ಆನೆ ಥರ ನಡಿ ನೋಡೋಣ!"

ನನಗೂ ನವ್ಯಾಳಿಗೂ ನಡುವೆ ಇಡೀ ಹುಲ್ಲುಹಾಸು ಇತ್ತು. ಚಿರತೆಯಂತೆ ಹಾರಿದೆ ಎಂದು ಇಲ್ಲಿ ಬರೆಯಬಹುದಿತ್ತು. ಹಾರಲಿಲ್ಲ. ಕಾಲು ಕಿತ್ತಿಡಲಾಗಲಿಲ್ಲ. ಬಾಗಿಲಲ್ಲೇ ನಿಂತು ಕೂಗಿದೆ.

"ಗಾನವಿ, ಬಲೆ ಇಲ್ಲ!"

ಅವಳು ನನ್ನ ಕಡೆ ತಿರುಗಿ ನಕ್ಕಳು. "ಶುರುವಾಯ್ತು ಭಾವಂದು."

"ಇಲ್ಲ ಕಣೇ! ಸುಳ್ಳು ಹೇಳಿದ್ದೆ! ಹಿಡ್ಕೋ ಅವಳನ್ನ!"

ನನ್ನ ಮುಖದಲ್ಲಿ ಏನು ಕಂಡಳೋ, ಅವಳ ನಗು ನಿಂತಿತು. ನವ್ಯಾ ಆಗಲೇ ಕೆಂಪಿನ ಮೇಲೆ ಕಾಲಿಟ್ಟಿದ್ದಳು. ಸದ್ದೇ ಆಗಲಿಲ್ಲ. ಹಾಸು ಬಾಯಿ ತೆರೆದಂತೆ ತೆರೆಯಿತು, ಹಸಿರು ಲಂಗ ಒಮ್ಮೆ ಉಬ್ಬಿ ಒಳಗೆ ಇಳಿಯಿತು. ಗಾನವಿ ದಡದ ಮೇಲೆ ಬೋರಲು ಬಿದ್ದು, ಹೆಗಲವರೆಗೂ ನೀರಿಗೆ ಕೈಹಾಕಿ, ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ಜಡೆ. ಎಳೆದಳು.

ಮಗುವಿನ ಕಣ್ಣು, ಮೂಗು, ಬಾಯಿಗೆಲ್ಲ ಕೆಂಪು ಚೂರುಗಳು ಮೆತ್ತಿದ್ದವು. ಮೊದಲು ಉಸಿರೇ ಇರಲಿಲ್ಲ. ವಸುಧಾ ಬೆನ್ನಿಗೆ ಬಡಿದಳು. ಆಮೇಲೆ ಕೆಮ್ಮು ಬಂತು. ಕೆಮ್ಮಿನ ಹಿಂದೆ ಅಳು.

ಕಳ್ಳರು ಬಂದು ಬಲೆ ಕದ್ದರು, ಚಳಿಗೆ ಉಕ್ಕು ಸಿಡಿದುಹೋಯಿತು, ಹೀಗೆ ಒಂದೆರಡು ಮಾತು ನನ್ನ ನಾಲಿಗೆಯ ತುದಿಗೆ ಬಂದವು. ಅಷ್ಟರಲ್ಲಿ ರಾಮನಾಥ ಗೋಡೆಗೆ ಒರಗಿಸಿದ್ದ ಬಿದಿರಿನ ಗಳ ತಂದು, ತೂತಿನೊಳಗೆ ಇಳಿಸಿದರು. ಅದು ಎಲ್ಲಿಯೂ ತಡೆಯದೆ ಅವರ ಕೈಯವರೆಗೂ ಇಳಿಯಿತು. ಎಲ್ಲರೂ ನೋಡಿದರು.

"ಅಪ್ಪನಾಣೆ ಹಾಕಿದ್ರಿ," ಎಂದಳು ಗಾನವಿ. ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು.

"ಹಾಕಿದ್ದೆ. ಬಲೆ ಹಾಕ್ಸಿರಲಿಲ್ಲ. ತಂದೇ ಇರಲಿಲ್ಲ, ಅಂಗಡಿಗೂ ಹೋಗಿರಲಿಲ್ಲ. ಎದುರುಮನೆ ಬೆಕ್ಕು ಬಿದ್ದು ಸತ್ತಾಗ್ಲಾದ್ರೂ ಹಾಕ್ಸಬೋದಿತ್ತು."

"ಯಾಕೆ ಹಾಕ್ಸಲಿಲ್ಲ?"

"ಅಜೋಲಾ ಹರಿದು ನೀರು ಕಾಣುತ್ತೆ ಅಂತ. ಗಾರ್ಡನಿಂಗ್ ಗ್ರೂಪಿಗೆ ದಿನಾ ಫೋಟೋ ಹಾಕ್ತಿದ್ದೆ. ತುಂಬಾ ಜನ ಚೆನ್ನಾಗಿದೆ ಅಂತಿದ್ರು."

"ತುಂಬಾ ಜನ ಅಂದ್ರೆ?"

"ಆರು ಜನ ಗಾನವಿ. ಆರೇ ಜನ."