ಸೋಮವಾರದ ಸೂಜಿ

ಊಟ ಬಿಟ್ಟವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಫೀ ತಪ್ಪುವುದಿಲ್ಲ. ಗಾದೆ ಹೀಗಿಲ್ಲವೆಂದು ಹಿರಿಯರು ಬೈದಾರು. ನಾಲತವಾಡದ ಗುರಲಿಂಗಪ್ಪನ ನಾಯಿಯ ಕಥೆ ಕೇಳಿದ ಮೇಲೆ ಬೈಯಲಿ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಎಪ್ಪತ್ತಾರನೆಯ ಇಸವಿ. ಗುರಲಿಂಗಪ್ಪ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು. ಪ್ರತಿ ಸೋಮವಾರ ಅವನದು ಇಂಡಿಯಲ್ಲಿ ರಾತ್ರಿ ವಸ್ತಿ. ನಸುಕಿನಲ್ಲಿ ಹೊರಟರೆ ಅಲ್ಲೇ ಖಾನಾವಳಿಯಲ್ಲಿ ಉಂಡು, ಬಸ್ಸಿನಲ್ಲೇ ಮಲಗಿ, ಮಂಗಳವಾರ ಮನೆ ಸೇರುತ್ತಿದ್ದ. ಆ ವರ್ಷ ಯುಗಾದಿ ಕಳೆದ ವಾರ ಹೆಂಡತಿ ತಿಪ್ಪವ್ವ ತೀರಿಕೊಂಡಳು. ರಜೆ ಹಾಕಿ ಬಂದವನು ಮತ್ತೆ ಸ್ಟೇರಿಂಗು ಮುಟ್ಟಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಉಳಿದದ್ದು ಅವಳು ಸಾಕಿದ ಕಂದು ನಾಯಿ ಮೋತ್ಯಾ ಒಂದೇ. "ಇದರ ಕೈ ಬಿಡಬ್ಯಾಡ್ರಿ" ಎಂಬುದು ಅವಳು ಆಡಿದ ಕಡೆಯ ಮಾತು.

ಮೋತ್ಯಾ ವಾರದಲ್ಲಿ ಆರು ದಿನ ಗಬಗಬ ತಿನ್ನುತ್ತಿತ್ತು. ಸೋಮವಾರ ಬಂತೆಂದರೆ ಮೂತಿ ತಿರುವಿ ಪಡಸಾಲೆಯ ಕಂಬಕ್ಕೆ ಒರಗಿಬಿಡುತ್ತಿತ್ತು. ಹಾಲಿಟ್ಟರೂ ಇಲ್ಲ, ರೊಟ್ಟಿ ಮುರಿದು ಹಾಕಿದರೂ ಇಲ್ಲ. ಗುರಲಿಂಗಪ್ಪನ ಎದೆ ಧಸಕ್ಕೆಂದಿತು. ಇದೂ ಹೋದರೆ?

ಮುದ್ದೇಬಿಹಾಳದಿಂದ ದನದ ಡಾಕ್ಟರು ಪರಪ್ಪ ಫಟಫಟಿ ಏರಿ ಊರಿಗೆ ಬರುತ್ತಿದ್ದುದೂ ಸೋಮವಾರವೇ. ಮಧ್ಯಾಹ್ನ ಒಂದು ಸೂಜಿ ಚುಚ್ಚಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೋತ್ಯಾ ಎದ್ದು ಬಂದು ಉಂಡಿತು. ಇನ್ನೇನು ಪುರಾವೆ ಬೇಕು? ಮುಂದಿನ ಸೋಮವಾರ ಮತ್ತೆ ಅದೇ ಬ್ಯಾನಿ, ಅದೇ ಸೂಜಿ, ಸಂಜೆಗೆ ಅದೇ ಊಟ. ಹೀಗೆ ಹನ್ನೊಂದು ಸೋಮವಾರ. ಟಾನಿಕ್ಕಿನ ಬಾಟಲಿಗಳು ಗೋಡೆಯ ಗೂಡು ತುಂಬಿದವು, ತಿಪ್ಪವ್ವನ ಚಿನ್ನದ ಪಾಟಲಿ ಬಳೆಗಳು ಪತ್ತಾರನ ಅಂಗಡಿ ಸೇರಿದವು. ನಾಯಿಯ ತೊಡೆ ಗಂಟುಗಂಟಾಗಿ, ಅದು ಕುಂಟತೊಡಗಿತು.

"ಹೊಟ್ಟ್ಯಾಗ ಗಂಟೈತ್ರಿ," ಎಂದರು ಡಾಕ್ಟರು. "ಎಷ್ಟಂತ ಚುಚ್ಚೂದು? ಮುಂದಿನ ಸ್ವಾಮಾರ ಕಡೀ ಸೂಜಿ. ಮರುದಿನ ವಿಜಾಪುರಕ್ಕ ಒಯ್ದು ಹೊಟ್ಟಿ ಕೊಯ್ದುಬಿಡೂಣು."

"ಬದುಕತೈತೇನ್ರಿ?"

"ಕೊಯ್ದ ಮ್ಯಾಲ ನೋಡೂಣ್ರಿ. ಅರ್ಜೆಂಟ್ ಐತಿ, ಅರ್ಜೆಂಟ್!" ಅರ್ಜೆಂಟ್ ಎಂಬುದು ಅವರ ಬಾಯಿಚಟ, ಹೊರಡುತ್ತಿದ್ದುದು ಮಾತ್ರ ಮೂಗಿನಿಂದ.

ಅಂದು ಸಂಜೆ ಗುರಲಿಂಗಪ್ಪ ಪಕ್ಕದ ಮನೆಯ ಗೋಡೆಗೆ ಮೊಳಕೈಯೂರಿ ನಿಂತ. ಆ ಮನೆ ಟೇಲರ್ ಕಾಸಿಂಸಾಬನದು. ಫೌಜದಾರ, ಹಾಲಿನವಳಿಂದ ಹಿಡಿದು ಬಸ್ಸಿನ ಇಂಜಿನ್ನಿನವರೆಗೆ ಅವನ ಗಂಟಲಲ್ಲಿ ಮೂಡದ ಧ್ವನಿಯಿಲ್ಲ.

"ಬಸ್ಸಿಗೆ ಹಿಂಗ ವಾರವಾರ ರಿಪೇರಿ ಮಾಡಿದ್ರ ಮೆಕ್ಯಾನಿಕ್‌ನ ಮನಿಗೆ ಕಳಸ್ತಿದ್ರೋ ಕಾಸೀಮಾ. ಆದ್ರ ಡಾಕ್ಟರಗ ಹೆಂಗ ಅನ್ಲಿ? ಚುಚ್ಚಿದ ಮ್ಯಾಲ ಉಣ್ಣತೈತಿ!"

ಕಾಸಿಂಸಾಬನ ಹೆಂಡತಿ ಅಮೀನಾಬಿ ಮಗಳ ಬಾಣಂತನಕ್ಕೆಂದು ಸಿಂದಗಿಗೆ ಹೋಗಿ, ನಾಲ್ಕು ತಿಂಗಳ ಮೇಲೆ ನಿನ್ನೆಯಷ್ಟೇ ಬಂದಿದ್ದಳು. ಅವಳು ಒಳಗಿನಿಂದ ಬಂದು, "ಅಣ್ಣಾರ, ಸ್ವಾಮಾರ ಅಷ್ಟ ಬಿಡತೈತೇನ್ರಿ?" ಎಂದಳು.

"ಹೌದವಾ."

ಅವಳು ಬಾಯಿ ತೆರೆದಳು. ಗಂಡ ಕಣ್ಸನ್ನೆ ಮಾಡಿದ. ಮುಚ್ಚಿಕೊಂಡಳು.

ಮುಂದಿನ ಸೋಮವಾರ ಬೆಳಿಗ್ಗೆ ಎದ್ದವನೇ ಗುರಲಿಂಗಪ್ಪ ಮೋತ್ಯಾನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತ. ನಾಳೆ ಇಷ್ಟೊತ್ತಿಗೆ ಇದನ್ನು ಕೊಯ್ಯುತ್ತಾರೆ. ಅಷ್ಟರಲ್ಲಿ ಬಾಗಿಲಾಚೆ ಫಟಫಟಿಯ ಸದ್ದು, ಒಂದು ಕೆಮ್ಮು, ಆ ಮೂಗಿನ ಮಾತು. ಮೋತ್ಯಾ ಮಂಚದ ಕೆಳಗೆ ನುಗ್ಗಿತು. ಗುರಲಿಂಗಪ್ಪ ಚಿಲಕಕ್ಕೆ ಕೈಹಾಕಿದ.

"ತೆಗೀಬ್ಯಾಡ್ರಿ! ಕಾಲುಬ್ಯಾನಿ ದನಾ ಮುಟ್ಟಿ ಬಂದೇನಿ. ಇವತ್ತ ಸೂಜಿ ಇಲ್ಲ. ಹೊತ್ತು ಮುಳುಗೂಮಟ ಮನ್ಯಾಗ ಒಲಿ ಹತ್ತಬಾರದು. ನೀವೂ ಏನೂ ತಿನ್ನಬಾರದು, ಚಾ ಸುದ್ದಾ. ದೀಪಾ ಹಚ್ಚಿ ಮೊದಲ ತುತ್ತು ನಾಯಿಗೆ, ಆಮ್ಯಾಲ ನಿಮಗ. ಅರ್ಜೆಂಟ್!"

ಫಟಫಟಿ ದೂರವಾಯಿತು. ಎಂಥ ಔಷಧವೋ! ಆದರೂ ಗುರಲಿಂಗಪ್ಪ ಒಲೆಯ ಕಡೆ ತಲೆಹಾಕಲಿಲ್ಲ. ಮಧ್ಯಾಹ್ನಕ್ಕೆ ಹೊಟ್ಟೆ ಚುರುಗುಟ್ಟಿತು, ಮೂರರ ಹೊತ್ತಿಗೆ ತಲೆ ಜುಮುಗುಟ್ಟಿತು. ಕಂಬಕ್ಕೊರಗಿ ಕೂತ. ಮೋತ್ಯಾ ಮಂಚದಡಿಯಿಂದ ಹೊರಬಂದು, ಅವನನ್ನು ದಿಟ್ಟಿಸಿ, ಅವನ ತೊಡೆಯ ಮೇಲೆ ತಲೆಯಿಟ್ಟಿತು. ಸೋಮವಾರ ಒಮ್ಮೆಯೂ ಹಾಗೆ ಹತ್ತಿರ ಬಂದದ್ದಿಲ್ಲ. ಇಬ್ಬರೂ ಬಿಸಿಲು ಅಂಗಳ ದಾಟುವುದನ್ನು ನೋಡುತ್ತ ಕೂತರು.

ದೀಪ ಹಚ್ಚಿ, ಮೊಸರು ರೊಟ್ಟಿ ಕಲಸಿ ಇಟ್ಟ. ಸೂಜಿಯಿಲ್ಲದೆ, ಟಾನಿಕ್ಕಿಲ್ಲದೆ ಮೋತ್ಯಾ ತಾಟು ನೆಕ್ಕಿತು.

ಆಗಲೇ ಪರಪ್ಪ ಡಾಕ್ಟರು ಪಂಚರಾದ ಫಟಫಟಿ ತಳ್ಳಿಕೊಂಡು, ಬೆವರೊರೆಸುತ್ತ ಬಂದರು. ಗುರಲಿಂಗಪ್ಪ ಎರಡೂ ಕೈ ಮುಗಿದ.

"ಮುಂಜಾನೆ ಬಾಗಲದಾಗ ನಿಂತು ಹೇಳಿ ಹೋದ್ರೆಲ್ರಿ, ಹಂಗ ಮಾಡಿದ್ನಿ. ಸೂಜಿ ಇಲ್ದ ಉಂಡತ್ರಿ!"

ಡಾಕ್ಟರು ಅರೆಗಳಿಗೆ ತಬ್ಬಿಬ್ಬಾದರು. ಅರೆಗಳಿಗೆ ಮಾತ್ರ. "ಹೌದ್ರಿ, ನಾ ಹೇಳಿದ ಮ್ಯಾಲ ಮುಗೀತು! ಆದ್ರ ಗಂಟು ಒಳಗ ಕುಂತಿರತೈತಿ. ನಾಳೆ ಕೊಯ್ಯಾಕಬೇಕು. ಇವತ್ತಿಂದು ಫೀ ಕೊಡ್ರಿ, ಅರ್ಜೆಂಟ್..."

"ಫೀ ನನಗ ಬರಬೇಕ್ರಿ!" ಗೋಡೆಯಾಚೆಯಿಂದ ಅದೇ ಮೂಗಿನ ಧ್ವನಿ. "ಹೇಳಿದವ ನಾ! ಅರ್ಜೆಂಟ್!"

ಇಬ್ಬಿಬ್ಬರು ಡಾಕ್ಟರಾದರೆಂದು ಮೋತ್ಯಾ ಮತ್ತೆ ಮಂಚದಡಿ ಸೇರಿತು. ಪರಪ್ಪ ಡಾಕ್ಟರು ಪೆಟ್ಟಿಗೆ ಎತ್ತಿಕೊಂಡವರು ತಿರುಗಿ ನೋಡದೆ ಫಟಫಟಿ ತಳ್ಳಿದರು.

ಗೋಡೆಯ ಮೇಲೆ ಕಾಸಿಂಸಾಬನ ತಲೆ ಮೂಡಿತು, ಪಕ್ಕದಲ್ಲಿ ಅಮೀನಾಬಿಯದು.

"ಮಗನ, ನೇರ ಹೇಳಾಕ ಬಾಯಿ ಇರಲಿಲ್ಲೇನು?" ಗುರಲಿಂಗಪ್ಪ ಗುಡುಗಿದ.

"ನಾ ಹೇಳಿದ್ರ ನಂಬ್ತಿದ್ದೇನಣ್ಣ? ನಿನಗ ಡಾಕ್ಟರ ಬಾಯಿಂದನ ಬರಬೇಕಿತ್ತು."

ಅಮೀನಾಬಿ ಸೆರಗು ಸರಿಮಾಡಿಕೊಂಡಳು. "ತಿಪ್ಪಕ್ಕ ಸ್ವಾಮಾರ ಹಿಡಿದಿದ್ಲಲ್ರಿ ಅಣ್ಣಾರ. ದೀಪಾ ಹಚ್ಚೂಮಟ ಈ ಮನ್ಯಾಗ ಹೊಗಿ ಎದ್ದಿದ್ದು ನಾ ನೋಡಿಲ್ಲ. ಮರಿ ಇದ್ದಾಗಿಂದ ಇದೂ ಅಕಿ ಸಂಗಾಟ. ನೀವು ಇಂಡ್ಯಾಗ ಖಾನಾವಳಿ ಊಟಾ ಮಾಡೂ ಮುಂದ, ಇಲ್ಲಿ ಇಬ್ರೂ ಉಪಾಸ ಇರ್ತಿದ್ರು."

ತಿಪ್ಪವ್ವ ಸೋಮವಾರ ಮಾಡುತ್ತಾಳೆಂದು ಗುರಲಿಂಗಪ್ಪನಿಗೆ ಗೊತ್ತಿತ್ತು. ಗೊತ್ತಿತ್ತು ಅಷ್ಟೇ, ಒಂದು ಸೋಮವಾರವನ್ನೂ ಕಣ್ಣಾರೆ ಕಂಡಿರಲಿಲ್ಲ. ಸತ್ತವಳ ವ್ರತ ನಾಯಿ ನಡೆಸಿಕೊಂಡು ಬಂದಿತ್ತು. ತಾನು ಅದಕ್ಕೆ ಹನ್ನೊಂದು ಸೂಜಿ ಚುಚ್ಚಿಸಿದ್ದ.

ಮಂಚದಡಿ ಬಗ್ಗಿ ಮೋತ್ಯಾನ ಊದಿದ ತೊಡೆ ಸವರಿದ. ಅದು ಅವನ ಕೈಗಂಟಿದ್ದ ಮೊಸರು ನೆಕ್ಕಿತು.

"ಲೇ ಕಾಸೀಮಾ," ಎಂದ. "ಇಪ್ಪತ್ತೆಂಟು ವರ್ಷ ಅಕಿ ಕೈಲಿ ಆಗಲಿಲ್ಲೋ. ಒಂದ ದಿನದಾಗ ನನ್ನ ಕೈಲಿ ಸ್ವಾಮಾರ ಹಿಡಿಸಿದೆಲ್ಲೋ ನೀ... ಚಾ ಸುದ್ದಾ ಕುಡೀಗೊಡದ..."

ಅಷ್ಟರಲ್ಲಿ ಅವನ ಹಸಿದ ಹೊಟ್ಟೆ ಗುರ್ರೆಂದಿತು. ಮಂಚದಡಿಯಿಂದ ಮೋತ್ಯಾ ಬೊಗಳಿತು. ಕಾಸಿಂಸಾಬ ಮೊದಲು ನಕ್ಕ, ಅಮೀನಾಬಿ ಸೆರಗಿನಲ್ಲಿ ನಕ್ಕಳು. ಆಮೇಲೆ ಗುರಲಿಂಗಪ್ಪ ಹಿಡಿದ ನಗು ಓಣಿಯ ತುದಿಗೂ ಕೇಳಿತು. ಪಂಚರಾದ ಫಟಫಟಿ ತಳ್ಳುತ್ತಿದ್ದವರು ಕೂಡ ಒಮ್ಮೆ ನಿಂತು ಹಿಂದಿರುಗಿ ನೋಡಿದರು.