ನಾಲ್ಕು ಡಿಸ್ಕುಗಳಲ್ಲಿ ಬೊಮ್ಮಕ್ಕನ ದನಿ

ಅಂಬಿಕಾ ನ್ಯಾಮತಿಯ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಾಳೆ. ರಜೆ ಬಂತೆಂದರೆ ಜಗಳೂರು ಕಡೆಯ ಹಳ್ಳಿಗಳಿಗೆ ಹೋಗಿ, ಅಲ್ಲಿಯ ಹೆಂಗಸರು ಮದುವೆಗಳಲ್ಲಿ ಹಾಡುವ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿಕೊಂಡು ಬರುತ್ತಾಳೆ. ಹೋದ ವರ್ಷ ಅವಳ ಹಾರ್ಡ್ ಡಿಸ್ಕ್ ಇದ್ದಕ್ಕಿದ್ದಂತೆ ಕೆಟ್ಟು, ಎಷ್ಟೋ ಪದಗಳು ಅದರ ಜೊತೆಗೇ ಹೋದವು. ಹಾಡಿದವರಲ್ಲಿ ಕೆಲವರು ಆಗಲೇ ತೀರಿಕೊಂಡಿದ್ದರು. ಅಂಬಿಕಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಗಂಡ ಸತೀಶ್ ಕುಮಾರನಿಗೆ ಹೇಳಿದಳು: "ರೀ, ಹೊಸ ಕಂಪ್ಯೂಟರ್ ನಾನೇ ಕಟ್ತೀನಿ. ನಾಲ್ಕು ಡಿಸ್ಕ್ ಹಾಕಿ, ರೇಡ್ ಅಂತಾರೆ, ಹಂಗೆ ಒಟ್ಟಿಗೆ ಜೋಡಿಸ್ತೀನಿ. ಒಂದು ಸತ್ರೂ ಉಳಿದ ಮೂರರಾಗೆ ಎಲ್ಲಾ ಇರ್ತೈತೆ."

"ಅಂಗಡಿಯೋರಿಗೆ ಹೇಳಿದ್ರೆ ಆಗಲ್ವಾ?"

"ಕೆಟ್ಟಾಗ ಬಿಚ್ಚಾಕೆ ಬರಬೇಕಲ್ರೀ. ಕಟ್ಟಿದ್ರೆ ತಾನೇ ಬಿಚ್ಚಾಕೂ ಬರೋದು."

ಭಾನುವಾರ ಪಡಸಾಲೆಯ ಮಂಚದ ಮೇಲೆ ಬಿಡಿಭಾಗಗಳನ್ನು ಹರಡಿಕೊಂಡು ಕುಳಿತಳು. ಸಂಜೆ ಹೊತ್ತಿಗೆ ಕಂಪ್ಯೂಟರ್ ಶುರುವಾಯಿತು, ಆದರೆ ಪರದೆಯ ಮೇಲೆ ಕಂಡದ್ದು ಮೂರೇ ಡಿಸ್ಕು. ಸತೀಶ್ ಟಾರ್ಚ್ ಹಿಡಿದ. ಒಳಗೆ ಒಂದು ಕೇಬಲ್ ಸಡಿಲವಾಗಿತ್ತು. ಒತ್ತಿ ಕೂರಿಸಿದ ಮೇಲೆ ನಾಲ್ಕೂ ಕಂಡವು. ಅಂಬಿಕಾ ಅಲ್ಲಿಗೆ ಬಿಡಲಿಲ್ಲ. ಬೇರೆಡೆ ಉಳಿದಿದ್ದ ಪದಗಳನ್ನೆಲ್ಲ ತುಂಬಿಸಿ, ಕಂಪ್ಯೂಟರ್ ಆರಿಸಿ, ಬೇಕೆಂದೇ ಒಂದು ಡಿಸ್ಕ್ ಬಿಚ್ಚಿಟ್ಟು, ಉಳಿದ ಮೂರರಿಂದಲೇ ಮತ್ತೆ ಹಚ್ಚಿ ನೋಡಿದಳು. ಎಲ್ಲ ಹಾಡೂ ಇದ್ದವು. ಸತೀಶ್ ಅವಳಿಗೆ ಚಹಾ ಮಾಡಿಕೊಂಡು ಬಂದ.

ಈ ಬೇಸಿಗೆಯಲ್ಲಿ ಜಗಳೂರಿನ ಕಡೆಯಿಂದ ಬೊಮ್ಮಕ್ಕ ಅಂಬಿಕಾಳ ಮನೆಗೆ ಬಂದಳು. ಕುರಿ ಸಾಕುವ ಮನೆಯ ಹಿರಿಯಳು, ಸುತ್ತೂರಲ್ಲೆಲ್ಲ ಹೆಸರಾದ ಹಾಡುಗಾರ್ತಿ. ಅವಳ ಪದಗಳನ್ನು ಅಂಬಿಕಾ ಹಿಂದೆಯೇ ರೆಕಾರ್ಡ್ ಮಾಡಿಕೊಂಡಿದ್ದಳು; ಈಗ ಗಂಟಲ ಆಪರೇಷನ್ ಆದ ಮೇಲೆ ಬೊಮ್ಮಕ್ಕನ ದನಿ ಪಿಸುಮಾತಿಗೆ ಇಳಿದಿತ್ತು. ಜೊತೆಗೆ ಬಂದಿದ್ದ ಮೊಮ್ಮಗಳು ಅರುಣಾ ಹೇಳಿದಳು: "ಮೇಡಂ, ನನ್ನ ಮದುವೆ ಐತೆ. ಅಜ್ಜಿ ಪದ ಬೇಕಾಗಿತ್ತು."

ಅಂಬಿಕಾ ಕಂಪ್ಯೂಟರ್ ಹಚ್ಚಿದಳು. ಅದು ಕೀಂ ಕೀಂ ಎಂದು ಕೂಗತೊಡಗಿತು. ಪರದೆ ನೋಡಿದರೆ ಒಂದು ಡಿಸ್ಕ್ ಕೆಟ್ಟಿತ್ತು. ಅರುಣಾಳ ಮುಖ ಬಾಡಿತು.

"ಹೋತಾ ಮೇಡಂ?"

"ಒಂದು ಹೋಗೈತೆ, ಮೂರು ಅದಾವೆ. ಕೂತ್ಕೋ," ಎಂದಳು ಅಂಬಿಕಾ. ಬೊಮ್ಮಕ್ಕನ ಪದ ಹುಡುಕಿ ಗುಂಡಿ ಒತ್ತಿದಳು.

ಸ್ಪೀಕರಿನಿಂದ ಬೊಮ್ಮಕ್ಕನ ತುಂಬು ದನಿ ಬಂತು. ಅಜ್ಜಿ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ತಟ್ಟುತ್ತ ಕೊನೆಯವರೆಗೂ ಕೇಳಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಪಿಸುಗುಟ್ಟಿದಳು: "ಚೆಂದಾಗೇ ಹಾಡೀನಿ. ಮದುವಿ ಮನ್ಯಾಗೆ ಜೋರಾಗೇ ಹಾಕ್ರಿ."

ಮರುದಿನವೇ ಅಂಬಿಕಾ ಹೊಸ ಡಿಸ್ಕ್ ತರಿಸಿ ತಾನೇ ಕೂರಿಸಿದಳು. ನೋಡಲು ಬಂದ ಪಕ್ಕದ ಮನೆಯ ಶಾಂತಾದೇವಿಯವರಿಗೆ, ಅವರು ಕೇಳದಿದ್ದರೂ, ಸತೀಶ್ ಹೇಳಿದ: "ಇದನ್ನ ನಮ್ಮ ಅಂಬಿಕಾನೇ ಕಟ್ಟಿದ್ದು ಕಣ್ರೀ."

ಮದುವೆಯಲ್ಲಿ ಅರಿಶಿನ ಹಚ್ಚುವ ಹೊತ್ತಿಗೆ ಬೊಮ್ಮಕ್ಕನ ಪದ ಚಪ್ಪರದ ತುಂಬ ಕೇಳಿಸಿತು. ಹೆಂಗಸರೆಲ್ಲ ಸೊಲ್ಲಿಗೆ ಸೊಲ್ಲು ಕೂಡಿಸಿದರು. ಹಿಂದೆ ನಿಂತಿದ್ದ ಅಂಬಿಕಾಳನ್ನು ಬೊಮ್ಮಕ್ಕ ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಬೀಗರತ್ತ ಬಾಗಿ, ಇದ್ದಷ್ಟೇ ದನಿಯಲ್ಲಿ ಹೇಳಿದಳು: "ನನ್ನ ದನಿ ಉಳಿಸಿದಾಕಿ ಇವಳೇ ನೋಡ್ರಿ."